ಬೇಕಂತಲೇ ಸೋಲೋಕೆ ಹೋಗಿ

ಇವತ್ತು ನನ್ನ ಸೋದರತ್ತೆ ನನ್ನನ್ನ ಆಟದ ಮಧ್ಯದಲ್ಲೇ ಎಬ್ಬಿಸಿಬಿಟ್ರು ಕಣ್ರಪ್ಪಾ.

ಯಗಟಿಯಲ್ಲಿ ಅವರ ಮನೆ ಜಗಲಿ ಮೇಲೆ ಚೌಕಾಬಾರ ಆಡ್ತಿದ್ವಿ. ಎದುರಿನವರ ಒಂದಾದ್ರೂ ಕಾಯಿ ಹೊಡೀದೆ ಒಳಮನೆಗೆ ಹೋಗೋ ಹಾಗಿಲ್ಲ. ನಾನಿನ್ನೂ ಒಂದೂ ಹೊಡೆದಿರಲಿಲ್ಲ. ಕವಡೆ ಮೂರು ಬಿತ್ತು. ಅತ್ತೆ ಕಾಯಿ ನನ್ನ ಒಂದು ಕಾಯಿಂದ ಸರಿಯಾಗಿ ಮೂರನೇ ಮನೇಲಿ ಕೂತಿತ್ತು. ಪಾಪ, ಬೆಳಗ್ಗೆಯಿಂದ ಸೋಲ್ತಾನೇ ಇದ್ದಾರೆ ಅಂತ ಬೇರೆ ಕಾಯಿ ನಡೆಸಿದೆ.

“ಲೇ, ಕಣ್ಣು ಕಾಣಲ್ವಾ?”

“ನೋಡ್ಲಿಲ್ಲ ಅತ್ತೆ.”

“ಸುಳ್ಳು ಹೇಳ್ಬೇಡ. ನನ್ನ ಗೆಲ್ಸೋಕೆ ನೀನ್ಯಾವನೋ? ಏಳು ಮೇಲೆ!” ಅಂತ ಕಾಯಿ, ಕವಡೆ ಎಲ್ಲ ಸೆರಗಿಗೆ ಬಾಚ್ಕೊಂಡ್ರು.

ಆನ್‌ಲೈನ್ ಗೇಮ್ ಕಂಪನಿಯಲ್ಲಿ ನನ್ನ ಕೆಲಸವೇ ಇದು. ಸೋತು ಬೇಜಾರಾದವರ ಎದುರಿಗೆ ಕಂಪ್ಯೂಟರನ್ನೇ ಆಡೋಕೆ ಬಿಟ್ಟು, ಅವರಿಗೆ ಗೊತ್ತಾಗದ ಹಾಗೆ ಅದನ್ನ ಸೋಲಿಸೋದು. ಗೆದ್ದ ಖುಷಿಗೆ ನಾಳೆ ಮತ್ತೆ ಬರ್ತಾರೆ ಅನ್ನೋ ಲೆಕ್ಕ. ಇದನ್ನ ಆಟಗಾರರ ಮೇಲಿನ ಕಾಳಜಿ ಅಂತಲೇ ನಂಬಿದ್ದೆ. ಒಬ್ಬರೂ ಬೈದಿರಲಿಲ್ಲ. ಗೊತ್ತಾಗಿದ್ರೆ ತಾನೇ ಬೈಯೋದು?

ಚಪ್ಪಲಿ ಹಾಕ್ಕೊಳ್ತಿದ್ದಾಗ ಒಳಗಿಂದ ಅತ್ತೆ ಕೂಗಿದ್ರು: “ನಾಳೆ ಬಾ. ಹೊಡೆಯೋ ಹಾಗಿದ್ರೆ ಮಾತ್ರ!”

ಬೆಳಗ್ಗೆಯಿಂದ ಸೋತವರೂ ಅವರೇ, ನಾಳೆ ಆಟಕ್ಕೆ ಕರೆದವರೂ ಅವರೇ. ಇದನ್ನ ನಮ್ಮ ಮ್ಯಾನೇಜರ್‌ಗೆ ಹೇಗೆ ಅರ್ಥ ಮಾಡಿಸ್ಲಿ, ಹೇಳಿ.