ಒಂದು ನೂಲು ಮರ

ಹುಳಿಯಾರಿನ ಬಡಗಿ ಚಿಕ್ಕಹನುಮಯ್ಯನಿಗೆ ಮೂಗಿನ ತುದಿಯಲ್ಲೇ ಕೋಪ. ಹೆತ್ತವರನ್ನು ಬೈದರೂ ತಡೆದುಕೊಂಡಾನು, ತಾನು ಕುಯ್ದದ್ದು ಸೊಟ್ಟ ಎಂದವನನ್ನು ಮಾತ್ರ ಬಿಡುತ್ತಿರಲಿಲ್ಲ. ಎಂಬತ್ತಾರನೇ ಇಸವಿಯಲ್ಲಿ ಅವನೊಂದು ಕರೆಂಟಿನ ಕೈಗರಗಸ ತಂದ. ಹಲಗೆಯ ಮೇಲೆ ನೆಟ್ಟನೆಯ ಕಬ್ಬಿಣದ ಪಟ್ಟಿ ಬಿಗಿದು, ಅದರ ಅಂಚಿಗೆ ಗರಗಸ ಒತ್ತಿ ನೂಕಿದನೆಂದರೆ ಏಳಡಿ ಹಲಗೆ ಎಲೆಅಡಿಕೆ ಜಗಿಯುವಷ್ಟರಲ್ಲಿ ಉದ್ದಕ್ಕೂ ಸೀಳಿ ಎರಡಾಗುತ್ತಿತ್ತು. ಅವನ ಬಾಯಿಗೆ ಹೆದರುವವರೂ ಕೆಲಸಕ್ಕೆ ಅವನನ್ನೇ ಕರೆಯುತ್ತಿದ್ದರು.

ಕೆಂಕೆರೆಯ ಅಣ್ಣ ಸದಾಶಿವಯ್ಯ, ತಮ್ಮ ಪರಮಶಿವಯ್ಯ ಕರೆದದ್ದೂ ಅದಕ್ಕೇ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು. ತೋಟ, ಮನೆ, ಕೊಬ್ಬರಿ ಅಟ್ಟ ಎಲ್ಲ ಪಾಲಾಗಿ, ಪಡಸಾಲೆಯಲ್ಲಿ ಕಲ್ಲುಗಳ ಮೇಲೆ ಎತ್ತರಿಸಿಟ್ಟಿದ್ದ ಎರಡಡಿ ಅಗಲದ ಹಲಸಿನ ಹಲಗೆಯೊಂದು ಉಳಿದಿತ್ತು. ಅವರ ತಾಯಿ ಸಿದ್ದಗಂಗಮ್ಮ ಮಲಗುತ್ತಿದ್ದುದು ಅದರ ಮೇಲೆ. ಸೊಂಟ ಬಿದ್ದ ಮುದುಕಿ, ನೆಲದ ಮೇಲೆ ಮಲಗಿದರೆ ಏಳಲಾರಳು. ಸೀಳಿದರೆ ಒಂದೊಂದು ಪಾಲು ಒಂದಡಿ; ಕೂಸು ಮಲಗಿದರೂ ಉರುಳೀತು. ಇಬ್ಬರಿಗೂ ಇದು ಗೊತ್ತಿತ್ತು. ಇನ್ನೊಬ್ಬನಿಗೆ ಪೂರ್ತಿ ಹೋಗದಿದ್ದರೆ ಸಾಕು ಎನ್ನುವ ಬುದ್ಧಿ.

ಬಡಗಿ ಬರುವ ಹೊತ್ತಿಗೆ ಮುದುಕಿಯನ್ನು ಇಳಿಸಿ ಕಂಬಕ್ಕೆ ಒರಗಿಸಿದ್ದರು.

"ಅವ್ವ ಎಲ್ಲಿ ಮಲಗ್ತಾರೆ?" ಎಂದ ಚಿಕ್ಕಹನುಮಯ್ಯ.

"ನಿನ್ನ ಕೆಲಸ ಕುಯ್ಯೋದು. ಕುಯ್ದು ಹೋಗ್ತಾ ಇರು" ಎಂದ ಸದಾಶಿವಯ್ಯ.

ಬಡಗಿಗೆ ಮೈಯೆಲ್ಲ ಉರಿಯಿತು. ಬೈದರೆ ಇನ್ನೊಬ್ಬನನ್ನು ಕರೆಸುತ್ತಾರೆ, ಅಷ್ಟೆ. ನುಂಗಿಕೊಂಡ. ಅಳೆದು, ನಡುವೆ ಗೆರೆ ಎಳೆದು, ಪಟ್ಟಿ ಬಿಗಿದು, ಗರಗಸದ ಹಲ್ಲು ತೋರಿಸಿದ.

"ಇದು ಒಂದು ನೂಲು ಮರ ತಿಂತದೆ ಕಣ್ರೀ. ಅಂಗುಲದಾಗೆ ಎಂಟನೇ ಒಂದು ಪಾಲು, ಹೊಟ್ಟಾಗಿ ಹೋಯ್ತದೆ. ಯಾರ ಕಡೆ ತಿನ್ನಿಸ್ಲಿ?"

ಅಣ್ಣ ತಮ್ಮನತ್ತ ಕೈ ತೋರಿಸಿದ.

"ನನ್ನ ಪಾಲಿನಾಗೆ ಯಾಕಲಾ? ತೋಟದ ಬದುವಿನ ಮೇಲಿನ ಎರಡು ಮರ ನುಂಗಿದ್ದು ಸಾಲ್ದಾ?" ಎಂದ ತಮ್ಮ.

ಜಗಳ ಬದುವಿನಿಂದ ಹೆಂಡಂದಿರ ತವರಿಗೆ ಹೋಗಿ, ಕೊರಳಪಟ್ಟಿಗೆ ಬಂತು. ಕೊನೆಗೆ ಪರಮಶಿವಯ್ಯನೇ ಏದುಸಿರು ಬಿಡುತ್ತಾ ಕೇಳಿದ: "ಗೆರೆ ನಡುವಿಗೇ ಬುಡಾಕಾಗಲ್ವಾ? ಇಬ್ಬರಿಗೂ ಅರ್ಧರ್ಧ ನೂಲು."

ಪಟ್ಟಿಯನ್ನು ಕೂದಲೆಳೆಯಷ್ಟು ಸರಿಸಿದ್ದರೆ ಸಾಕಿತ್ತು. ಚಿಕ್ಕಹನುಮಯ್ಯ ನೂರು ಸಲ ಮಾಡಿದ್ದ ಕೆಲಸ. ಅವನು ಮುದುಕಿಯ ಕಡೆ ನೋಡಿದ.

"ಅಷ್ಟು ನೆಟ್ಟಗೆ ಹೋಗಲ್ಲ ಕಣ್ರೀ ನನ್ನ ಗರಗಸ" ಎಂದ. ಹೇಳುವಾಗ ನಾಲಿಗೆ ಕಹಿಯಾಯಿತು.

"ಥೂ, ಇವನೂ ಒಬ್ಬ ಬಡಗಿ" ಎಂದು ಸದಾಶಿವಯ್ಯ ಅಂಗಳಕ್ಕೆ ಉಗಿದ.

ಚಿಕ್ಕಹನುಮಯ್ಯನ ಕೈಯಲ್ಲೇ ಆಗದ್ದು ಇನ್ಯಾರ ಕೈಯಲ್ಲಾದೀತು ಎಂದು ಅವರು ಬೇರೆ ಯಾರನ್ನೂ ಕರೆಯಲಿಲ್ಲ. ಆದರೆ ಅವನ ಗರಗಸ ಸೊಟ್ಟ ಎಂದು ಊರೆಲ್ಲ ಸಾರಿದರು. ಕೆಂಕೆರೆಯವರು ಬಾಗಿಲು ಕಿಟಕಿಗೆ ತಿಪಟೂರಿನ ದಾರಿ ಹಿಡಿದರು. ಎರಡು ವರ್ಷ ಅವನು ತುಟಿ ಬಿಚ್ಚಲಿಲ್ಲ. ಆ ಎರಡು ವರ್ಷವೂ ಸಿದ್ದಗಂಗಮ್ಮ ಹಲಗೆಯ ಮೇಲೆಯೇ ಮಲಗಿದಳು, ಹಲಗೆಯ ಮೇಲೆಯೇ ಸತ್ತಳು.

ಕಾರ್ಯ ಮುಗಿದ ಮಾರನೆಯ ದಿನ ಚಿಕ್ಕಹನುಮಯ್ಯ ಕರೆಯದೆಯೇ ಕೆಂಕೆರೆಗೆ ಹೋದ. ಯಾರನ್ನೂ ಕೇಳದೆ ಪಟ್ಟಿ ಬಿಗಿದು, ನಡುಗೆರೆಯ ಮೇಲೆ ಹಲಗೆ ಸೀಳಿ, ಎರಡು ಪಾಲನ್ನೂ ಅಣ್ಣತಮ್ಮಂದಿರ ಕೈಯಲ್ಲೇ ಅಳೆಸಿದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ತಗಳ್ರಿ, ಒಬ್ಬೊಬ್ಬರು ಒಂದೊಂದರ ಮೇಲೆ ಮಲಿಕ್ಕಳ್ರಿ" ಎಂದ.