ಬಸ್ಸಿನ ಮನೆಯ ಗೇರ್‌ಬಾಕ್ಸ್

ಕಾಲುವೆ ಕೆಲಸಕ್ಕೆಂದು ಕ್ಯಾಂಪಿನಿಂದ ಕ್ಯಾಂಪಿಗೆ ಅಲೆಯುತ್ತಿದ್ದ ಯಂಕಣ್ಣ ಮತ್ತು ಅವನ ಹೆಂಡತಿ ಲಾಲಮ್ಮ, ಹಳೆಯ ಬಸ್ಸೊಂದರಲ್ಲಿ ಒಲೆ, ಮಂಚ ಹಾಕಿಕೊಂಡು ಅದನ್ನೇ ಮನೆ ಮಾಡಿಕೊಂಡಿದ್ದರು. ಗೇರ್‌ಬಾಕ್ಸಿನ ಎಣ್ಣೆ ಬದಲಿಸುವಾಗ ಅವನು ಕೆಳಗೆ ತೂರಿ ನಟ್ಟು ಬಿಚ್ಚಿದರೆ, ಅವಳು ಎಣ್ಣೆ ಹಿಡಿಯಲು ಬೋಗುಣಿ ಸರಿಸಿ ಕೊಡುತ್ತಿದ್ದಳು.

ಹುಣಸಗಿ ಕ್ಯಾಂಪಿನಲ್ಲಿ ಲಾಲಮ್ಮ ಜ್ವರ ಬಂದು ತೀರಿಕೊಂಡಳು. ಮುಂದೆ ಎಣ್ಣೆ ಬದಲಿಸುವ ದಿನ ಬಂದಾಗ ಯಂಕಣ್ಣ ನಟ್ಟು ಬಿಚ್ಚಿ, ರೂಢಿಯಂತೆ ಕೈ ಚಾಚಿ, "ಬೋಗುಣಿ ಕೊಡ," ಎಂದ. ಕರಿ ಎಣ್ಣೆ ಎದೆಯ ಮೇಲೆ ಸುರಿಯಿತು. ಅವನು ಅಲ್ಲೇ ಬಿದ್ದುಕೊಂಡು ಅತ್ತ.

ಜೊತೆಗಾರ ಸಾಬಣ್ಣ ಓಡಿಬಂದು ಅವನನ್ನು ಹೊರಗೆಳೆದ. "ಈ ಗಾಡಿ ಬಿಟ್ಟು ಊರಿಗಿ ಹೋಗೋ ಯಂಕಣ್ಣಾ."

"ಆಕಿ ಬಾಳೇ ಮಾಡಿದ್ದು ಇದರಾಗಪಾ. ಊರಾಗ ನನಗೇನೈತಿ?"

ಸಾಬಣ್ಣ ತಾನೇ ಬಸ್ಸಿನ ಕೆಳಗೆ ತೂರಿ ನಟ್ಟು ಬಿಗಿದ.