ಬಲಗೆನ್ನೆಯ ಮಾದರಿ

ಆಸ್ಪತ್ರೆಗೆ ತೋರಿಸಿ ಎಂದು ನಾನು ಅವರಿಗೆ ಹೇಳಿದ್ದೆನೋ ಇಲ್ಲವೋ, ಇವತ್ತಿಗೂ ಖಚಿತವಿಲ್ಲ. ಹೇಳಿದಂತೆ ಒಂದು ನೆನಪಿದೆ. ಆದರೆ ಆ ನೆನಪಿನಲ್ಲಿ ನನ್ನ ಮಾತು ತೀರಾ ಅಚ್ಚುಕಟ್ಟಾಗಿದೆ. ಅದಕ್ಕೇ ಅನುಮಾನ.

ಕಳೆದ ವಾರ ಹಲ್ಲುನೋವೆಂದು ಹೆಂಡತಿ ಸೀಬೆ ಎಲೆ ಕುದಿಸುತ್ತಿದ್ದಳು. ಆ ಒಗರು ವಾಸನೆ ಮೂಗಿಗೆ ಬಂದದ್ದೇ ತಡ, ಪೊನ್ನಂಪೇಟೆಯ ಕಡೆ ನಾನು ಸಂಶೋಧನೆ ಮಾಡುತ್ತಿದ್ದ ಲ್ಯಾಬೂ ಅಲ್ಲಿನ ಅಟೆಂಡರೂ ಕಣ್ಣ ಮುಂದೆ ನಿಂತರು.

ಸೀಬೆ ಎಲೆಯ ರಸದಿಂದ ಬೆಳ್ಳಿಯ ನ್ಯಾನೊ ಕಣಗಳನ್ನು ತಯಾರಿಸಿ, ಬಾಯಿ ಮುಕ್ಕಳಿಸುವ ದ್ರವಕ್ಕೆ ಸೇರಿಸಿದರೆ ಬಾಯಿಯ ಸೂಕ್ಷ್ಮಜೀವಿಗಳು ಸಾಯುತ್ತವೆಯೇ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಎಲೆ ಕೊಯ್ದು ತರುತ್ತಿದ್ದವರು ಆ ಅಟೆಂಡರ್. ಸೂಕ್ಷ್ಮಜೀವಿಗಳೂ ಅವರ ಬಾಯಿಯವೇ. ಸಿದ್ದಾಪುರದ ಹತ್ತಿರದ ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಬೆಳೆದ ಅವರಿಗೆ ಎಲೆಯಡಿಕೆ, ಹೊಗೆಸೊಪ್ಪು ಇಲ್ಲದೆ ಆಗುತ್ತಿರಲಿಲ್ಲ. ಮಾದರಿ ಕೊಡುವ ದಿನ ಮಾತ್ರ ಬಾಯಿಗೆ ಏನನ್ನೂ ಹಾಕದೆ ಮೊದಲ ಬಸ್ಸಿಗೆ ಬಂದು, ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ, ಬಾಯಿ ತೆರೆದು ಕೂರುತ್ತಿದ್ದರು. ನಾನು ಹತ್ತಿಕಡ್ಡಿಯಿಂದ ಕೆನ್ನೆಯ ಒಳಬದಿಯನ್ನು ಒರೆಸಿಕೊಳ್ಳುತ್ತಿದ್ದೆ.

ಬೆಳ್ಳಿಯ ದ್ರಾವಣಕ್ಕೆ ಎಲೆಯ ರಸ ಬಿದ್ದು, ಹಳದಿಯಾಗಿ, ಕೊನೆಗೆ ಹಾಲು ಹಾಕದ ಕಾಫಿಯ ಕಂದುಬಣ್ಣಕ್ಕೆ ತಿರುಗುವುದನ್ನು ಕಾಯುವುದು ಅವರಿಗೆ ಇಷ್ಟ.

"ಕಟ್ಟನ್ ಕಾಪಿ ಆಯ್ತು ಸಾರ್, ಇಳಿಸ್ಲಾ?" ಎನ್ನುತ್ತಿದ್ದರು.

ಒಂದು ದಿನ, ಅವರ ಬಾಯಿಯ ಜೀವಿಗಳನ್ನು ಬೆಳೆಸಿದ್ದ ಗಾಜಿನ ತಟ್ಟೆಯಲ್ಲಿ ನಮ್ಮ ದ್ರವ ಇಟ್ಟ ಕಡೆ ತಿಳಿಯಾದ ಉಂಗುರ ಮೂಡಿತ್ತು. ತಟ್ಟೆಯನ್ನು ಕಿಟಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ನಂದೇನಾ ಸಾರ್ ಇದು?"

"ನಿಮ್ಮದೇ ಅಣ್ಣ."

"ಎಲ್ಲ ಸತ್ತದ್ದಾ?"

"ಉಂಗುರದ ಒಳಗೆ ಇದ್ದದ್ದು."

"ಹಂಗಾದ್ರೆ ನಂಗೂ ಒಂದು ಬಾಟ್ಲಿ ಕೊಡಿ. ಎಡಗಡೆ ಖಾರ ತಾಗಿದ್ರೆ ಉರೀತದೆ."

ಕೊಡಲಿಲ್ಲ. ತಟ್ಟೆಯ ಮೇಲೆ ನಡೆದದ್ದು ಬಾಯಲ್ಲೂ ನಡೆಯಬೇಕೆಂದಿಲ್ಲ, ಇದಿನ್ನೂ ಮನುಷ್ಯರಿಗೆ ಕೊಡುವಂಥದ್ದಲ್ಲ ಎಂದೆ. ಅಷ್ಟು ನಿಜ. ಆಸ್ಪತ್ರೆಯ ಮಾತೂ ಆಗಲೇ ಬಂದಿರಬೇಕು... ಅವರು ಹೇಳುವವರೆಗೆ ಆ ಬದಿಯಲ್ಲಿ ನಾನು ಏನನ್ನೂ ಗಮನಿಸಿರಲಿಲ್ಲ ಎಂದೇ ನನ್ನ ನೆನಪು. ಇಷ್ಟು ವರ್ಷ ನನ್ನನ್ನು ಸಮಾಧಾನದಲ್ಲಿಟ್ಟದ್ದು ಅದೇ.

ಅವರು ಬಾಟಲಿಗೆ ಕಾಯಲಿಲ್ಲ. ಅದೇ ಮರದ ಎಲೆಯನ್ನು ಮನೆಗೆ ಒಯ್ದು, ಕುದಿಸಿ, ದಿನವೂ ಮುಕ್ಕಳಿಸತೊಡಗಿದರು. ಉಂಗುರವನ್ನು ಕಣ್ಣಾರೆ ಕಂಡಿದ್ದರಲ್ಲ. "ಉರಿ ಕಮ್ಮಿ ಆಗ್ತಾ ಉಂಟು ಸಾರ್" ಎಂದು ನನಗೇ ಧೈರ್ಯ ಹೇಳುತ್ತಿದ್ದರು. ನಾನು ಪ್ರಬಂಧ ಮುಗಿಸಿ ಊರು ಬಿಟ್ಟೆ. ಅವರು ಡಾಕ್ಟರ ಬಳಿ ಹೋಗುವ ಹೊತ್ತಿಗೆ ಬಾಯಿಯ ಕ್ಯಾನ್ಸರ್ ಗಂಟಾಗಿ ಕುತ್ತಿಗೆಗೆ ಇಳಿದಿತ್ತಂತೆ.

ಒಮ್ಮೆ ನೋಡಲು ಹೋದೆ. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ, ಮಾತು ನಿಂತಿತ್ತು. ನಾನು ಪಕ್ಕದಲ್ಲಿ ಕೂತ ಕೂಡಲೇ, ಅಭ್ಯಾಸವೋ ತಮಾಷೆಯೋ, ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು... ನಾನು ಬೇರೆ ಕಡೆ ನೋಡಿದೆ. ಆ ತಿಂಗಳೇ ಹೋಗಿಬಿಟ್ಟರು.

ಸೀಬೆ ಎಲೆಯ ವಾಸನೆ ಬಂದ ಆ ಸಂಜೆ ಹಳೆಯ ಲ್ಯಾಬ್ ಪುಸ್ತಕವನ್ನು ಹುಡುಕಿ ತೆಗೆದೆ. ಆಸ್ಪತ್ರೆಗೆ ಹೋಗಿ ಎಂದು ಹೇಳಿದ್ದಕ್ಕೆ ಅದರಲ್ಲಿ ಯಾವ ಗುರುತೂ ಇಲ್ಲ, ಇರುವಂಥದ್ದೂ ಅಲ್ಲ. ಆದರೆ ಅವರು ಬಾಟಲಿ ಕೇಳಿದ ದಿನಕ್ಕಿಂತ ಐದು ವಾರ ಹಿಂದಿನ ಪುಟದಲ್ಲಿ, ನನ್ನದೇ ಅಕ್ಷರದಲ್ಲಿ, ಎರಡು ಸಾಲುಗಳಿವೆ: "ಎಡಗೆನ್ನೆಯೊಳಗೆ ಬಿಳಿ ಮಚ್ಚೆ, ಒರೆಸಿದರೂ ಹೋಗುವುದಿಲ್ಲ. ಇನ್ನು ಮುಂದೆ ಮಾದರಿ ಬಲಗೆನ್ನೆಯಿಂದ."